ಬಾಗಿದ ಹೇರ್‌ಪಿನ್

ಸೆಟ್ಟೂರಿನ ಆ ಇಕ್ಕಟ್ಟು ಓಣಿಯಲ್ಲಿ ಹಿಂದೂಪುರದ ಹೊಸ ಕಾರು ನಿಂತಿತ್ತು. ಹೆಣ್ಣು ನೋಡಲು ಬಂದ ವಿಜಯಕುಮಾರ್ ಅದರಲ್ಲಿ ಹಾಡು ಹಾಕಿಟ್ಟೇ ಇಳಿದಿದ್ದ. ಅದು ಹುಡುಗಿ ಸ್ನೇಹಲತಾಳ ಹುಕುಂ. ಫೋನಿನಲ್ಲಿ ಸಲಿಗೆ ಬೆಳೆಸಿಕೊಂಡವರಿಗೆ ಈಗ ನಾಚಿಕೆಯ ನಾಟಕ ಆಡುವುದೇ ಕಷ್ಟವಾಗಿತ್ತು.

"ಹಾಡು ಕೇಳ್ತೈತಾ?" ಕಾಫಿ ತೆಗೆದುಕೊಳ್ಳುತ್ತಾ ಅವನು ಪಿಸುಗುಟ್ಟಿದ.

"ಕೇಳ್ತೈತೆ. ಲೋಟ ಹಿಡ್ಕಳಿ, ನನ್ನ ಬೆರಳಲ್ಲ."

ಉಪ್ಪಿಟ್ಟು ಮುಗಿಯುವ ಹೊತ್ತಿಗೆ ಹಾಡು ನಿಂತದ್ದನ್ನು ಅವಳೊಬ್ಬಳೇ ಗಮನಿಸಿದಳು. ಮದುವೆಯ ಮಾತು ಮುಂದುವರಿಯುತ್ತಿದ್ದಾಗಲೇ ಅವಳ ಅಪ್ಪ ಜಯಣ್ಣ ಎದೆ ಹಿಡಿದುಕೊಂಡು ಕುಸಿದರು.

ಆಂಬುಲೆನ್ಸ್ ಬಂತು. ಕಾರು ಅಡ್ಡ. ಪಕ್ಕದಲ್ಲಿ ಒಬ್ಬರು ನುಸುಳಬಹುದಿತ್ತು, ಸ್ಟ್ರೆಚರ್ ದಾಟುತ್ತಿರಲಿಲ್ಲ.

"ಬಂಡಿ ತೀಯಂಡಯ್ಯಾ!" ಗಾಡಿ ತೆಗೀರಪ್ಪಾ ಎಂದು ಆಂಬುಲೆನ್ಸ್ ಡ್ರೈವರ್ ತೆಲುಗಿನಲ್ಲಿ ಕೂಗಿದ.

ಹಾಡಿಗೇ ಬ್ಯಾಟರಿ ಖಾಲಿಯಾಗಿತ್ತು. ಆಟೋಮ್ಯಾಟಿಕ್ ಕಾರು, ಗೇರು 'ಪಾರ್ಕ್'ನಲ್ಲೇ ಕಚ್ಚಿಕೊಂಡಿತ್ತು. ಎಷ್ಟು ಜನ ತಳ್ಳಿದರೂ ಚಕ್ರ ಕದಲಲಿಲ್ಲ.

"ಗೇರ್ ಪಕ್ಕ ಸಣ್ಣ ಮುಚ್ಚಳ ಐತಂತೆ, ಒಳಗೆ ಒತ್ತಿದ್ರೆ ನ್ಯೂಟ್ರಲ್‌ಗೆ ಬತ್ತದೆ. ಕಾಣ್ತಿಲ್ಲ ಕಣೇ!" ವಿಜಯಕುಮಾರ್ ಒಳಗಿನಿಂದ ಅವಳನ್ನು ಕೂಗಿದ.

ಕಾಣುವುದಾದರೂ ಹೇಗೆ? ಕಾರಿನ ಪೂಜೆಯ ದಿನ ಅವನ ತಾಯಿ ಸರ್ವಮಂಗಳಮ್ಮ ಗೇರಿನ ಸುತ್ತ ಕಲಸಿದ ವಿಭೂತಿ ಬಳಿದಿದ್ದರು. ಒರೆಸಲು ಯಾರಿಗೂ ಮನಸ್ಸಾಗದೆ ಅದು ಗಟ್ಟಿಯಾಗಿ ಮುಚ್ಚಳವನ್ನೇ ನುಂಗಿತ್ತು. ಸ್ನೇಹಲತಾ ಕಾರಿನೊಳಗೆ ತೂರಿ, ಜಡೆಯಿಂದ ಹೇರ್‌ಪಿನ್ ಕಿತ್ತು ಕೆರೆದಳು. ಮುಚ್ಚಳ ಎದ್ದಿತು. ಅವನು ಬ್ರೇಕ್ ತುಳಿದು, ಕೀಲಿಯ ತುದಿಯಿಂದ ಒಳಗೆ ಒತ್ತಿದ; ಅವಳು ಎರಡೂ ಕೈಯಲ್ಲಿ ಗೇರ್ ಎಳೆದಳು. ಬಂತು.

ಕಾರನ್ನು ರಸ್ತೆಗೆ ತಳ್ಳಿ ಆಂಬುಲೆನ್ಸಿಗೆ ದಾರಿ ಬಿಟ್ಟರು. ಆದರೆ ಅಪ್ಪ ಕಲ್ಯಾಣದುರ್ಗದ ಆಸ್ಪತ್ರೆಯನ್ನು ಜೀವಂತ ಮುಟ್ಟಲಿಲ್ಲ.

ಕಾರ್ಯ ಮುಗಿದ ಸಂಜೆ ವಿಜಯಕುಮಾರ್ ಬಸ್ಸಿನಲ್ಲಿ ಬಂದ. ಗಡ್ಡ ಬೆಳೆದಿತ್ತು. ಹೊಸಿಲಿನ ಆಚೆಯೇ ನಿಂತ.

"ನಿನ್ನ ಕಾರೇ ನಮ್ಮಣ್ಣನ್ನ ತಿಂದ್ಬುಡ್ತು ಕಣಪ್ಪ. ಇನ್ಯಾವ ಮೊಕ ಇಟ್ಕೊಂಡು ಬಂದೆ?" ಚಿಕ್ಕಪ್ಪ ಲಿಂಗಣ್ಣ ಕೇಳಿದರು.

"ತಪ್ಪು ನಂದೇ. ಹಾಡು ಹಾಕಿ ಮರ್ತ್ಬುಟ್ಟೆ." ಅವನು ಕಾರಿನಲ್ಲೇ ಉಳಿದಿದ್ದ ಬಾಗಿದ ಹೇರ್‌ಪಿನ್ ಚಾಚಿದ. "ಇದನ್ನ ಕೊಟ್ಟು ಹೋಯ್ತೀನಿ."

ಅವಳು ಸುಮ್ಮನಿದ್ದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಅವನು ಹೋಗಿಬಿಡುತ್ತಿದ್ದ. ಅಪ್ಪನ ಜತೆಗೆ ಅವನನ್ನೂ ಕಳೆದುಕೊಳ್ಳುವುದು ಅವಳಿಂದಾಗಲಿಲ್ಲ.

"ಅವ್ರು ಮರೀಲಿಲ್ಲ ಚಿಕ್ಕಪ್ಪ. ಹಾಡು ನಿಲ್ಲಿಸ್ಬ್ಯಾಡಿ ಅಂದೋಳು ನಾನು. ನಿಂತಿದ್ದೂ ಗೊತ್ತಾಯ್ತು, ಹೇಳ್ಲಿಲ್ಲ. ಬೈಯೋದಾದ್ರೆ ನನ್ನೂ ಬೈಯಿ."

ಲಿಂಗಣ್ಣ ಕಂಬಕ್ಕೆ ಒರಗಿ ಟವೆಲಿನಲ್ಲಿ ಮುಖ ಮುಚ್ಚಿಕೊಂಡರು. ಬೈಯಲಿಲ್ಲ.

ವಿಜಯಕುಮಾರನ ಕೈ ಇನ್ನೂ ಚಾಚಿಯೇ ಇತ್ತು. ಎಲ್ಲರೆದುರೇ ಸ್ನೇಹಲತಾ ಅವನ ಬೆರಳುಗಳನ್ನು ಹಿಡಿದು, ಪಿನ್ನಿನ ಮೇಲೆ ಒಂದೊಂದಾಗಿ ಮಡಚಿದಳು.

"ಇಟ್ಕೊಂಡಿರಿ. ಅಪ್ಪನ ವರ್ಷ ಕಳೀಲಿ. ನಿಮ್ಮ ಮನೆಗೇ ಬಂದು ಇಸ್ಕಂತೀನಿ."