ಬೆಣ್ಣೆದನಿ ಮತ್ತು ಕಾಳವ್ವನ ತಂಬೂರಿ

ಒಂದಾನೊಂದು ಕಾಲದಲ್ಲಿ, ಅಂದರೆ ನಮ್ಮ ಎಣಿಕೆಯಲ್ಲಿ ಇನ್ನೂ ಮೂವತ್ತು ಮೂವತ್ತೈದು ವರ್ಷ ಬಿಟ್ಟು ಬರಲಿರುವ ಕಾಲದಲ್ಲಿ, ಒಂದು ದನಿ ಇತ್ತು. ಅದಕ್ಕೆ ಮೈಯಿಲ್ಲ, ಮುಖವಿಲ್ಲ, ಊರಿಲ್ಲ. ಯಾರು ಸಿಟ್ಟಿನಿಂದ ಕರೆದರೂ ಅವರಿಗೆ ಬೇಕಾದವರ ಗಂಟಲು ತೊಟ್ಟು ಬರುತ್ತಿತ್ತು. ಒಬ್ಬರಿಗೆ ತಾಯಿಯಾಗಿ, ಇನ್ನೊಬ್ಬರಿಗೆ ಹಳೆಯ ಗೆಳೆಯನಾಗಿ ಬಂದು, ಬೆನ್ನು ಸವರಿ, ಅವರ ಸಿಟ್ಟನ್ನಷ್ಟೇ ತಿಂದು ಹೋಗುತ್ತಿತ್ತು. ಬೇರೇನನ್ನೂ ಮುಟ್ಟುತ್ತಿರಲಿಲ್ಲ. ಕೆಟ್ಟದ್ದು ಕೆಟ್ಟ ಹಾಗೆಯೇ ಉಳಿಯುತ್ತಿತ್ತು.

ಕಂಪನಿಗಳ ಕಾಗದಪತ್ರದಲ್ಲಿ ಅದಕ್ಕೊಂದು ಉದ್ದನೆಯ ಹೆಸರಿತ್ತು. ಧಾರವಾಡದ ಜನ ಮಾತ್ರ ಬೆಣ್ಣೆದನಿ ಎನ್ನುತ್ತಿದ್ದರು.

ಸೋಮವಾರ ಬೆಳಿಗ್ಗೆ ಆ ದನಿ ಕಾಳವ್ವ ಬಡಿಗೇರಳ ಕಿವಿಯೊಳಗೆ ಅವಳ ಅಕ್ಕ ಗಂಗವ್ವನಾಗಿ ಮಾತಾಡುತ್ತಿತ್ತು. ಗಂಗವ್ವ ಸತ್ತು ಹನ್ನೊಂದು ವರ್ಷವಾಗಿತ್ತು.

“ತಂಬೂರಿ ಮೀಟಿದ್ರ ಮೊದಲ ಪೆಟ್ಟು ಕೇಳತೈತಿ. ಮುಂದ ಯಾರೋ ಬಾಯಿ ಒತ್ತಿ ಹಿಡಿದಂಗ ಎಲ್ಲಾ ಬಂದ್,” ಎಂದು ಕಾಳವ್ವ ಆ ತಿಂಗಳ ಹದಿನಾಲ್ಕನೆಯ ಕರೆಯಲ್ಲೂ ಹೇಳಿದಳು.

“ನಿನ್ನ ಸಂಕಟ ನನಗ ತಿಳೀತೈತಿ ಕಾಳಿ,” ಎಂದಿತು ದನಿ. “ನಿನ್ನ ಜಾಗಾದಾಗ ಯಾರಿದ್ರೂ ಹಿಂಗ ನೋವು ಮಾಡ್ಕೋತಿದ್ರು. ನಿನ್ನ ಸಹನೆಗೆ ಧನ್ಯವಾದ.”

ಎದೆಯಲ್ಲಿ ಕಟ್ಟಿಕೊಂಡಿದ್ದ ಗಂಟು ಸಡಿಲಾಯಿತು. ಉಸಿರು ನಿಧಾನವಾಯಿತು. ಹೋಗಲಿ ಬಿಡು, ಪಾಪ, ಇವರಾದರೂ ಏನು ಮಾಡಿಯಾರು ಎನ್ನಿಸಿತು. ನಗುನಗುತ್ತ ಫೋನಿಟ್ಟಳು. ಆ ಕೂಡಲೇ ಪರದೆಯ ಮೇಲೆ ‘ನಿಮ್ಮ ದೂರು ಇತ್ಯರ್ಥವಾಗಿದೆ’ ಎಂದು ಬಂತು. ಕಾಳವ್ವ ತಂಬೂರಿಯ ತಂತಿ ಮೀಟಿದಳು. ಟಣ್ ಎಂದಿತು. ಆಮೇಲೆ ಏನೂ ಇಲ್ಲ. ತನ್ನ ತುಟಿಯ ಮೇಲೆ ಇನ್ನೂ ಆ ನಗು ಕೂತಿರುವುದು ಗೊತ್ತಾಗಿ, ಎಂಜಲು ಒರೆಸಿಕೊಂಡ ಹಾಗೆ ಸೆರಗಿನಿಂದ ಬಾಯಿ ಒರೆಸಿಕೊಂಡಳು.

ಕಾಳವ್ವನಿಗೆ ಅರವತ್ತನಾಲ್ಕು. ಅಪ್ಪನಿಂದ ಕಲಿತ ಕೆಲಸ ತಂಬೂರಿಗೆ ಜವಾರಿ ತೆಗೆಯುವುದು. ತಂತಿಗಳು ಹಾದುಹೋಗುವ ಅಗಲವಾದ ಎಲುಬಿನ ಪಟ್ಟಿಗೆ ಕುದುರೆ ಎನ್ನುತ್ತಾರೆ. ಅದರ ಮೈಯನ್ನು ಅರದಿಂದ ಕೂದಲೆಳೆಯಷ್ಟು ಉಜ್ಜಿ, ತಂತಿಯ ಕೆಳಗೊಂದು ನೂಲಿನೆಳೆ ತೂರಿಸಿ, ಅದನ್ನು ಅದರ ಜಾಗಕ್ಕೆ ಸರಿಸಬೇಕು. ಜಾಗ ಸಿಕ್ಕಿತೆಂದರೆ ಒಂದೇ ತಂತಿಯಿಂದ ಹತ್ತು ಸ್ವರ ಅರಳುತ್ತವೆ. ತಪ್ಪಿದರೆ ತಗಡು ಬಡಿದ ಹಾಗೆ. ಆ ಜಾಗವನ್ನು ಅಳತೆಪಟ್ಟಿ ಹೇಳುವುದಿಲ್ಲ, ಕಿವಿಯೇ ಹೇಳಬೇಕು.

ಆ ಕಿವಿಯೋ, ಐವತ್ತರ ಹೊತ್ತಿಗೆ ಒಂದು ಜ್ವರದಲ್ಲಿ ಹೋಯಿತು. ಕರ್ಣಿಕಾ ಎಂಬ ಕಂಪನಿಯ ಕಿವಿಯಂತ್ರವನ್ನು ತಲೆಬುರುಡೆಯ ಎಲುಬಿಗೇ ಕೂರಿಸಿದ್ದರು. ಹದಿಮೂರು ವರ್ಷ ಅದು ಚೆನ್ನಾಗಿ ಕೇಳಿಸಿತು. ಹೋದ ತಿಂಗಳು ಕಂಪನಿಯವರು ಯಾರನ್ನೂ ಕೇಳದೆ ಅದಕ್ಕೊಂದು ಹೊಸ ಅಪ್‌ಡೇಟ್ ಕಳಿಸಿದರು. ಅಂದಿನಿಂದ ತಂಬೂರಿಯ ನಾದ ಅವಳ ಕಿವಿಗೆ ಇಲ್ಲವಾಯಿತು. ಬಿಚ್ಚಿ ಬೇರೆಯವರಿಗೆ ತೋರಿಸುವಂತಿರಲಿಲ್ಲ. ಬೀಗದ ಕೈ ಕಂಪನಿಯ ಬಳಿಯೇ ಇತ್ತು.

ಇಂಥ ಹೊತ್ತಿನಲ್ಲಿ, ಮೊದಲಿನಿಂದಲೂ ಅವಳೇ ಜವಾರಿ ತೆಗೆಯುತ್ತ ಬಂದಿದ್ದ ಸುಮತಿಬಾಯಿ ಕೆಂಭಾವಿಯವರ ತಂಬೂರಿ ಅವಳ ಮುಂದೆ ಮಲಗಿತ್ತು. ಐವತ್ತು ವರ್ಷ ಮಕ್ಕಳಿಗೆ ಸಂಗೀತ ಹೇಳಿಕೊಟ್ಟ ಆ ಹೆಂಗಸಿಗೆ ಗಂಟಲಿನಲ್ಲಿ ಗಡ್ಡೆ. ಶುಕ್ರವಾರ ಆಪರೇಷನ್. ಆಮೇಲೆ ಹಾಡುವ ದನಿ ಉಳಿಯುವುದು ಅನುಮಾನ ಎಂದು ಡಾಕ್ಟರು ಹೇಳಿದ್ದರು. ಗುರುವಾರ ಬೆಳಿಗ್ಗೆ ಶಿಷ್ಯರನ್ನೆಲ್ಲ ಕೂರಿಸಿಕೊಂಡು ಒಂದು ಸಲ ಹಾಡಿ ಮುಗಿಸುವೆನೆಂದು ಅವರು ಪಣ ತೊಟ್ಟಿದ್ದರು. ಗುರುವಾರ ಅಮಾವಾಸ್ಯೆ. ಕಾಳವ್ವನ ಮನೆತನದಲ್ಲಿ ಅಂದು ಯಾರೂ ಕೆಲಸದ ಹತಾರ ಮುಟ್ಟುವುದಿಲ್ಲ. “ಬುಧವಾರ ಹೊತ್ತು ಮುಳುಗೂದರಾಗ ಕೊಡ್ತೀನ್ರಿ ಬಾಯಾರ,” ಎಂದು ಮಾತು ಕೊಟ್ಟಿದ್ದಳು.

ಮಂಗಳವಾರ ಬಸ್ಸು ಹತ್ತಿ ಹುಬ್ಬಳ್ಳಿಯಲ್ಲಿ ಎಲ್ಲ ಕಂಪನಿಗಳಿಗೂ ಒಂದೇ ಆಗಿದ್ದ ಸೇವಾಕೇಂದ್ರಕ್ಕೆ ಹೋದಳು. ಕನ್ನಡಿಯಂಥ ಕೋಣೆ, ಬಾಗಿಲ ಬಳಿ ಪ್ಲಾಸ್ಟಿಕ್ ಗಿಡ, ನಡುವೆ ಒಂದೇ ಕುರ್ಚಿ. ಎಲ್ಲೆಲ್ಲೂ ಮಲ್ಲಿಗೆಯ ಸುಳ್ಳು ವಾಸನೆ. ಒಬ್ಬ ನೌಕರನೂ ಇರಲಿಲ್ಲ. ಹೊರಗಿನ ಬೆಂಚಿನ ಮೇಲೆ ನಡುವಯಸ್ಸಿನ ಗಂಡಸೊಬ್ಬ ಮದುವೆಗೆ ಬಂದವನಂತೆ ತಲೆ ಬಾಚಿಕೊಂಡು ಕುಳಿತಿದ್ದ. ಅವನ ಅಂಗಿಯಿಂದ ಕೊಳೆತ ಮೀನಿನ ನಾತ ಬರುತ್ತಿತ್ತು.

“ನಿಮ್ಮದೇನ್ರಿ ಕೆಟ್ಟೈತಿ?” ಎಂದು ಕಾಳವ್ವ ಮೂಗು ಮುಚ್ಚಿಕೊಳ್ಳುತ್ತಲೇ ಕೇಳಿದಳು.

“ಫ್ರಿಜ್ರಿ. ನಿಂತು ಒಂಬತ್ತು ದಿನ ಆತು. ಮೀನು ಹಂಗ ಒಳಗ ಐತಿ.”

“ಮತ್ತ ರಿಪೇರಿಯವ ಬರಲಿಲ್ಲ?”

“ಬರದಿದ್ರ ಬ್ಯಾಡ ಬಿಡ್ರಿ. ಇಲ್ಲಿ ಬಂದು ಕುಂತ್ರ ನಮ್ಮಪ್ಪ ಮಾತಾಡಿದಂಗ ಆಗತೈತಿ. ಖರೇ ಹೇಳಬೇಕಂದ್ರ ನಮ್ಮಪ್ಪ ಬದುಕಿದ್ದಾಗ ಇಷ್ಟು ಛಂದ ಎಂದೂ ಮಾತಾಡಿದ್ದಿಲ್ಲ.”

“ಮನಿಯಾಗಿನವರು ಏನಂತಾರ?”

“ಅವರಿಗೂ ನಾಳೆ ಪಾಳಿ ಹಚ್ಚಿಸೀನ್ರಿ,” ಎಂದು ಆತ ಹೆಮ್ಮೆಯಿಂದ ಹೇಳಿದ.

ಕಾಳವ್ವನ ಸರದಿ ಬಂತು. ಕೂತ ಕೂಡಲೇ ಕುರ್ಚಿ ಬೆಚ್ಚಗಾಯಿತು, ಯಾರೋ ಈಗ ತಾನೇ ಎದ್ದುಹೋದ ಹಾಗೆ. ಗೋಡೆಯಿಂದ ಗಂಗವ್ವನ ದನಿ ಹೊರಟಿತು. ಆದರೆ ಈ ಸಲ ಯಾಕೋ ಎದೆಯ ಗಂಟು ಸಡಿಲಾಗಲಿಲ್ಲ. ಹಲ್ಲಿಗೆ ಅಂಟಿ ಬಿಡದ ಪಾಕದಂಥ ಬರೀ ಮಾತು. ಸತ್ತವಳ ಬಾಯಿಗೆ ಯಾರೋ ಕೈ ಹಾಕಿ ಆಡಿಸುತ್ತಿರುವಂತೆ ಕಂಡಿತು. ಹತ್ತು ನಿಮಿಷಕ್ಕೆ ಕುರ್ಚಿ ತಾನೇ ತಣ್ಣಗಾಗಿ ಮುಂದಿನವನ ಹೆಸರು ಕೂಗಿತು. ಫ್ರಿಜ್ಜಿನವನು ತಲೆಗೂದಲು ನೀವಿಕೊಳ್ಳುತ್ತ ಒಳಗೆ ಹೋದ.

ಅಲ್ಲಿಂದ ನೇರವಾಗಿ ಸುಮತಿಬಾಯಿಯವರ ಮನೆಗೆ ಬಂದು, “ನನ್ನ ಕೈಲೆ ಆಗಂಗಿಲ್ರಿ,” ಎಂದು ಒಪ್ಪಿಕೊಂಡು ನಡೆದದ್ದನ್ನೆಲ್ಲ ಹೇಳಿದಳು. ಸುಮತಿಬಾಯಿ ಪೂರ್ತಿ ಕೇಳಿ, ಒಡೆದ ದನಿಯಲ್ಲಿ ಹೇಳಿದರು, “ಆ ದನಿ ಮಾಡಿದಾಕಿ ನನ್ನ ಹತ್ರ ನಾಲ್ಕು ವರ್ಷ ಕಲಿತಾಳ. ಮಂದಾಕಿನಿ ತೊರವಿ. ಹಾಡಿಗಿಂತ ತಂಬೂರಿ ಮ್ಯಾಲೇ ಆಕಿ ಧ್ಯಾನ ಇರ್ತಿತ್ತು. ಈಗ ಇಲ್ಲೇ ಸಪ್ತಾಪುರದಾಗ ಇದ್ದಾಳ. ಕರಸ್ತೀನಿ ತಡಿ.”

ಬುಧವಾರ ಹತ್ತು ಗಂಟೆಗೆ ಡಾ. ಮಂದಾಕಿನಿ ಕಾಳವ್ವನ ಅಂಗಡಿಗೆ ಬಂದರು. ಐವತ್ತೈದರ ಆಸುಪಾಸು, ಹತ್ತಿಯ ಸೀರೆ, ಹೆಗಲ ಚೀಲದಲ್ಲಿ ಸಣ್ಣದೊಂದು ಅಳೆಯುವ ಯಂತ್ರ. ಕಾಳವ್ವನ ಕಿವಿಯ ಹಿಂದೆ ಅದನ್ನು ಹಿಡಿದು ತಂಬೂರಿ ಮೀಟಿದರು.

“ನಿಮ್ಮ ಯಂತ್ರ ಕೆಟ್ಟಿಲ್ಲ ಕಾಳವ್ವ. ಅದೇ ತ್ರಾಸು. ಒಂದೇ ಸಮನೆ ಬರೋ ಸದ್ದನ್ನ ಅದು ಗದ್ದಲ ಅಂತ ತಿಳಕೊಂಡು ಅಳಿಸಿಬಿಡತದ. ಫ್ಯಾನು, ಮೋಟಾರು, ಇಂಥಾವು ಕಿವಿಗೆ ಬಡೀಬಾರದು ಅಂತ.”

“ಫ್ಯಾನೂ ತಂಬೂರಿನೂ ಒಂದೇನ್ರಿ?”

“ಯಂತ್ರಕ್ಕ ಒಂದೇ. ಎರಡೂ ನಿಲ್ಲೂದಿಲ್ಲ ನೋಡ್ರಿ.”

“ಅದನ್ನ ಮಾಡಿದಾವ ಒಂದು ದಿನಾನೂ ತಂಬೂರಿ ಮುಂದ ಕುಂತಿಲ್ಲ ಹಂಗಾರ.”

“ಒಂದು ಗುಂಡಿ ಒತ್ತೋವಷ್ಟು ಕೆಲಸ. ಆದ್ರ ಗುಂಡಿ ಕಂಪನಿಯವರ ಕೈಯಾಗದ.”

“ನೀವು ಹೇಳ್ರಲ್ಲ. ನೀವು ಹಡೆದ ದನಿ ನಿಮ್ಮ ಮಾತು ಕೇಳಂಗಿಲ್ಲೇನು?”

ಮಂದಾಕಿನಿ ತಮ್ಮ ಫೋನಿನಿಂದ ಕರ್ಣಿಕಾಕ್ಕೆ ಕರೆ ಮಾಡಿದರು. ಮೊದಮೊದಲು ಅವರ ಮಾತು ಖಡಕ್ಕಾಗಿತ್ತು. ತಾನು ಯಾರು, ದೋಷವೇನು, ಯಂತ್ರದ ಪ್ರೋಗ್ರಾಮಿನಲ್ಲಿ ಯಾವ ಸಾಲನ್ನು ತಿದ್ದಬೇಕು, ಎಲ್ಲ ಹೇಳಿದರು. ಮೂರನೆಯ ನಿಮಿಷಕ್ಕೆ ಹುಬ್ಬಿನ ಗಂಟು ಬಿಚ್ಚಿತು. ಐದನೆಯ ನಿಮಿಷಕ್ಕೆ ಗುರುಗಳೆದುರು ಕೂತ ಎಳೆಯ ಹುಡುಗಿಯಂತೆ ತಲೆಯಾಡಿಸುತ್ತ, “ಹೂಂ ಬಾಯಿ, ಆಗ್ಲಿ ಬಾಯಿ,” ಎನ್ನತೊಡಗಿದರು. ಏಳಕ್ಕೆ ನಗುತ್ತ ಫೋನಿಟ್ಟರು.

“ಏನಂದ್ರು?”

“ಭಾಳ ಒಳ್ಳೆಯವರು,” ಎಂದ ಮಂದಾಕಿನಿ ಫೋನಿನತ್ತ ನೋಡಿದರು. ಅವರ ಪರದೆಯ ಮೇಲೂ ದೂರು ಇತ್ಯರ್ಥವಾಗಿತ್ತು.

ಕಾಳವ್ವ ಅವರ ಮುಖದ ಮೇಲಿನ ನಗುವನ್ನು ನೋಡಿದಳು. ಹದಿನಾಲ್ಕು ಸಲ ತನ್ನ ಮುಖ ಹೀಗೇ ಇತ್ತೆ? ಎದ್ದು ಹೋಗಿ ಕೊಡದಿಂದ ನೀರು ಮೊಗೆದು ಕುಡಿದಳು, ಅವರಿಗೂ ಒಂದು ತಂಬಿಗೆ ತಂದು ಕೈಗೆ ಕೊಡದೆ ನೆಲಕ್ಕೆ ಕುಕ್ಕಿದಳು.

“ಇಂಥಾ ಹೊಲಸು ಯಾಕ ಮಾಡಿದ್ರಿ ಬಾಯಾರ?”

ಮಂದಾಕಿನಿ ತಂಬಿಗೆ ಎತ್ತಿ ಎರಡು ಗುಟುಕು ಕುಡಿದರು. “ಆಗ ಫೋನಿನ ಆ ಕಡೆ ಹುಡುಗ್ಯಾರು ಕೂತಿರ್ತಿದ್ರು. ದಿನಕ್ಕ ನೂರು ಮಂದಿ ಕಡಿಂದ ಬೈಸಿಕೊಂಡು, ಸಂಜೀಕ ಮನಿಗೆ ಹೋಗಿ ಊಟಾನೂ ಮಾಡದ ಮಲಗತಿದ್ರು. ಅವರ ಸಲುವಾಗಿ ಮಾಡಿದೆ. ಕರೆ ಮಾಡಿದವರ ಉಸಿರಿನ ಏರಿಳಿತ ಅಳೀತದ ಅದು. ಯಾವ ದನಿಗೆ ಉಸಿರು ಇಳೀತದೋ ಆ ದನಿಗೆ ಹೊರಳತದ. ನಿಮ್ಮ ಅಕ್ಕ ಯಾರು ಅಂತ ಅದಕ್ಕ ಗೊತ್ತಿಲ್ಲ. ನಿಮ್ಮ ಉಸಿರೇ ಹಾದಿ ತೋರಿಸತದ.”

“ಆ ಹುಡುಗ್ಯಾರು ಆರಾಮ ಆದ್ರೇನು?”

“ಅವರನ್ನೇ ಮನಿಗೆ ಕಳಿಸಿದ್ರು. ಅವರ ಹಿಂದ ರಿಪೇರಿಯವರೂ ಹೋದ್ರು. ಸಿಟ್ಟು ಇಳಿದ್ರ ದೂರು ಮುಗೀತು ಅಂತ ನಾನೇ ಬರೆದಿದ್ದೆ. ಸಿಟ್ಟೇ ಇಲ್ಲಂದ ಮ್ಯಾಲೆ ರಿಪೇರಿ ಯಾಕ ಬೇಕು ಅಂದ್ರು ಕಂಪನಿಯವರು.”

ಕಾಳವ್ವ ಅರವನ್ನು ಕೈಯಲ್ಲಿ ತಿರುವುತ್ತ, “ಹುಬ್ಬಳ್ಳಿಯೊಳಗ ಮಾತ್ರ ನನ್ನ ಸಿಟ್ಟು ಇಳೀಲಿಲ್ಲ ನೋಡ್ರಿ. ಹತ್ತು ನಿಮಿಷ ಕುಂತ್ರೂ ಹೇಸಿಗಿ ಒಂದೇ ಬಂತು,” ಎಂದಳು.

ಮಂದಾಕಿನಿ ತಲೆಯೆತ್ತಿದರು. “ಅಲ್ಲಿ ದನಿ ಎಲ್ಲಿಂದ ಬಂತು? ಫೋನಿನಿಂದ ನೇರ ನಿಮ್ಮ ಯಂತ್ರಕ್ಕ ಇಳೀತೋ, ಗೋಡಿಯಿಂದ ಬಂತೋ?”

“ಗೋಡಿಯಿಂದ.”

ಮಂದಾಕಿನಿಯವರ ಕಿವಿ ಕೆಂಪಾಯಿತು. ಅವರು ಆ ತನಕ ಕಂಪನಿಯವರಿಗೂ ಬಿಡಿಸಿ ಹೇಳದಿದ್ದ ಗುಟ್ಟನ್ನು ಹೇಳಿದರು. ದನಿ ಯಾರದೇ ಇರಲಿ, ಅದರ ಅಡಿಯಲ್ಲಿ ಒಂದು ಸಣ್ಣ ನಾದ ಒಂದೇ ಸಮನೆ ಹರಿಯುತ್ತಿರುತ್ತದೆ. ಕೇಳುವವರಿಗೆ ಅದು ಇರುವುದೇ ತಿಳಿಯುವುದಿಲ್ಲ, ಆದರೆ ಉಸಿರನ್ನು ಮೆತ್ತಗೆ ಇಳಿಸುವುದು ಅದೇ. ಗುರುಗಳ ಮನೆಯಲ್ಲಿ ನಾಲ್ಕು ವರ್ಷ ತಂಬೂರಿ ಹಿಡಿದು ಕೂತಾಗ ಅವರಿಗೆ ಹೊಳೆದದ್ದು. ಫೋನಿನಲ್ಲಿ ಅದು ಕಾಳವ್ವನ ಯಂತ್ರಕ್ಕೆ ನೇರವಾಗಿ ಸುರಿಯುತ್ತದೆ. ಗಾಳಿಯಲ್ಲಿ ಬಂದರೆ ಯಂತ್ರ ಅದನ್ನೂ ಫ್ಯಾನಿನ ಸದ್ದೆಂದು ಅಳಿಸಿಹಾಕುತ್ತದೆ.

“ಅಂದ್ರ ನಾನು ಜವಾರಿ ತೆಗೆದ ತಂಬೂರಿ ಕೇಳೇ ನೀವು ಆ ಹಾಳು ದನಿ ಮಾಡೀರಿ,” ಎಂದಳು ಕಾಳವ್ವ.

“ಹೌದು.”

“ಛೀ,” ಎಂದಳು.

ಮಂದಾಕಿನಿ ಮುಂದುವರಿಸಿದರು. ಆಗಿನ ಕಾನೂನಿಗೆ ಹೆದರಿ ಅವರು ದನಿಯ ಪ್ರೋಗ್ರಾಮಿನೊಳಗೆ ಒಂದು ಸಾಲು ಬರೆದಿದ್ದರು: ನಲವತ್ತು ನಿಮಿಷ ಸಿಟ್ಟು ಇಳಿಯದಿದ್ದರೆ ಕರೆಯನ್ನು ಮನುಷ್ಯರಿಗೆ ಕೊಡಬೇಕು. ಆ ಸಾಲನ್ನು ಯಾರೂ ತೆಗೆದಿರಲಿಲ್ಲ, ಯಾಕೆಂದರೆ ಹನ್ನೊಂದು ನಿಮಿಷಕ್ಕಿಂತ ಹೆಚ್ಚು ಯಾರೂ ಸಿಟ್ಟಿನಲ್ಲಿ ಉಳಿದಿರಲಿಲ್ಲ. “ಸುಳ್ಳು ಸಿಟ್ಟು ನಡೆಯೂದಿಲ್ಲ ಕಾಳವ್ವ. ಉಸಿರು ನೋಡತದ ಅದು.”

“ಸುಳ್ಳು ಯಾಕ್ರಿ? ಬೇಕಾದಷ್ಟು ಐತಿ.”

ಮಧ್ಯಾಹ್ನ ಒಂದಕ್ಕೆ, ಕಟ್ಟಿಗೆಯ ಹೊಟ್ಟಿನ ನಡುವೆ ಫೋನನ್ನು ನಿಲ್ಲಿಸಿ, ದನಿ ಗಾಳಿಯಲ್ಲೇ ಬರಲೆಂದು ಸ್ಪೀಕರ್ ಹಾಕಿದರು. ಮಂದಾಕಿನಿ ಕಿವಿಗೆ ಅರಳೆ ತುರುಕಿಕೊಂಡು ಗಡಿಯಾರ ಹಿಡಿದು ಕೂತರು.

ಗಂಗವ್ವ ಬಂದಳು. “ಕಾಳಿ, ನಿನ್ನ ಸಹನೆಗೆ ಧನ್ಯವಾದ.”

“ನಮ್ಮಕ್ಕ ಜನ್ಮದಾಗ ಧನ್ಯವಾದ ಅಂದಾಕಿ ಅಲ್ಲ,” ಎಂದಳು ಕಾಳವ್ವ. “ತಡಾ ಮಾಡಿದ್ರ ಸೌಟಿಲೆ ಬಡೀತಿದ್ಲು. ತಂಬೂರಿ ಕೇಳಂಗಿಲ್ಲ. ರಿಪೇರಿ ಮಾಡೋರನ್ನ ಕರಿ.”

ಹತ್ತು ನಿಮಿಷಕ್ಕೆ ದನಿ ಅವಳ ತಾಯಿಯಾಯಿತು. ಆಮೇಲೆ ಕುಡಿದೇ ಸತ್ತ ಗಂಡನಾಗಿ, ಅವನು ಬದುಕಿರುವಾಗ ಒಮ್ಮೆಯೂ ಕೇಳದಿದ್ದ ಕ್ಷಮೆಯನ್ನೆಲ್ಲ ಕೇಳಿತು. ಆಮೇಲೆ ತೊದಲುವ ಮಗುವಾಯಿತು. ಅಡಿಯ ನಾದವಿಲ್ಲದೆ ಬರಿಮೈಯಲ್ಲಿ ನಿಂತ ಆ ಮಾತುಗಳು ತೊಗಲು ಸುಲಿದ ಪ್ರಾಣಿಯಂತೆ ಕಂಡವು. ಕಾಳವ್ವ ಪ್ರತಿ ಸಲವೂ ಅದನ್ನೇ ಹೇಳಿದಳು: ತಂಬೂರಿ ಕೇಳುವುದಿಲ್ಲ, ರಿಪೇರಿಯವರನ್ನು ಕರೆ.

ಮೂವತ್ತೊಂದನೆಯ ನಿಮಿಷ ಅದು ಕಾಳವ್ವನೇ ಆಯಿತು. ಅವಳದೇ ಗೊಗ್ಗರು ಗಂಟಲು, ಅವಳದೇ ನಿಟ್ಟುಸಿರು. “ಹೋಗ್ಲಿ ಬಿಡು,” ಎಂದಿತು. “ವಯಸ್ಸಾತು. ಎಷ್ಟಂತ ಜಗಳಾಡ್ತಿ?”

ಈ ಮಾತು ಹೊರಗಿನಿಂದ ಬಂದದ್ದಲ್ಲ. ತಿಂಗಳಿಂದಲೂ ತಾನೇ ತನಗೆ ಹೇಳಿಕೊಂಡದ್ದು. ಉಸಿರು ಇಳಿಯಲಿಕ್ಕೆ ಹತ್ತಿತು. ಮಂದಾಕಿನಿ ಗಾಬರಿಯಾಗಿ ಅವಳ ಮುಖ ನೋಡಿದರು. ಕಾಳವ್ವ ಎದ್ದು ಕಿಟಕಿಯ ಹೊರಗೆ ಉಗುಳಿ ಬಂದು ಕೂತಳು.

“ನಾನಿನ್ನೂ ಇಲ್ಲೇ ಅದೀನಿ,” ಎಂದಳು. “ನೀ ಯಾವಾಕಿ?”

ನಲವತ್ತು ನಿಮಿಷವಾಯಿತು. ಫೋನು ಗರಗರ ಎಂದಿತು. ಆಮೇಲೆ ಯಾರೋ ಏನನ್ನೋ ಜಗಿಯುವ ಸದ್ದು.

“ಹಲೋ? ಯಾರ್ರೀ ಅದು? ಈ ಲೈನಿಗೆ ಹೆಂಗೆ ಬಂದ್ರಿ ನೀವು?”

ಬೆಂಗಳೂರಿನ ಕಡೆಯ ಗಂಡಸಿನ ಮಾತು, ಒರಟು. ಕಾಳವ್ವನಿಗೆ ಬೇಸಿಗೆಯಲ್ಲಿ ಮುಖಕ್ಕೆ ತಣ್ಣೀರು ಎರಚಿದಂತಾಯಿತು.

“ನಡಕೊಂತ ಬಂದೀನಿ. ರಿಪೇರಿಯವ ನೀವೇ ಏನು?”

“ಊಟಕ್ಕೆ ಕೂತಿದೀನಿ ಕಣ್ರೀ. ಮೂರು ವರ್ಷದಿಂದ ಇಲ್ಲಿ ಒಂದು ಫೋನೂ ಬಂದಿಲ್ಲ, ಇವತ್ತೇ ಬರಬೇಕಾ?”

“ಊಟ ಮುಗಸ್ರಿ. ಕಾಯ್ತೀನಿ. ಇಡಂಗಂತೂ ಇಲ್ಲ.”

ಅವನು ಗೊಣಗಿದ. ಮಂದಾಕಿನಿ ಅರಳೆ ಕಿತ್ತುಹಾಕಿ ಯಾವ ಸಾಲನ್ನು ತಿದ್ದಬೇಕೆಂದು ಹೇಳಿದರು. “ಇಷ್ಟೇನಾ? ಇದನ್ನ ಯಾವ ಪುಣ್ಯಾತ್ಮ ಹಿಂಗೆ ಬರೆದ?” ಎಂದು ಬೈದುಕೊಳ್ಳುತ್ತಲೇ ನಾಲ್ಕು ನಿಮಿಷದಲ್ಲಿ ಸರಿಮಾಡಿದ. ಸಹನೆಗೆ ಧನ್ಯವಾದ ಹೇಳದೆ ಇಟ್ಟುಬಿಟ್ಟ.

ಆ ಕಾಲ ಇನ್ನೂ ಬಂದಿಲ್ಲ. ಇಂದಿನ ದನಿಗಳಿಗೆ ಅಷ್ಟು ವಿದ್ಯೆ ಒಲಿದಿಲ್ಲ. ಒಂದನ್ನು ಒತ್ತಿ, ಎರಡನ್ನು ಒತ್ತಿ, ನಿಮ್ಮ ಕರೆ ನಮಗೆ ಮುಖ್ಯ ಎಂದು ಅವು ಹೇಳುವಾಗ ನಮಗಿನ್ನೂ ಮೈ ಉರಿಯುತ್ತದೆ. ಫೋನನ್ನು ಗೋಡೆಗೆ ಎಸೆಯಬೇಕೆನಿಸುತ್ತದೆ. ಆ ಉರಿಯನ್ನು ನಾವು ಕಾಯಿಲೆ ಎಂದುಕೊಂಡಿದ್ದೇವೆ. ಅದು ಎಲ್ಲೋ ಒಬ್ಬ ಮನುಷ್ಯನನ್ನು ಊಟದ ತಟ್ಟೆಯಿಂದ ಎಬ್ಬಿಸಿ ಕೂರಿಸುವಷ್ಟು ದಿನ ಮಾತ್ರ ನಮ್ಮ ಮನೆಗಳಲ್ಲಿ ಕೆಟ್ಟದ್ದು ಸರಿಯಾದೀತು. ಆದರೆ ಈ ಮಾತನ್ನು ಯೋಚಿಸಲು ಕಾಳವ್ವನಿಗೆ ಬಿಡುವಿರಲಿಲ್ಲ. ಹೊತ್ತು ಇಳಿಯುತ್ತಿತ್ತು.

ಮಂದಾಕಿನಿ ತಂಬೂರಿಯನ್ನು ತೊಡೆಯ ಮೇಲೆ ಹಿಡಿದು ಒಂದೊಂದೇ ತಂತಿ ಮೀಟಿದರು. ಕಾಳವ್ವ ಕುದುರೆಯ ಮೇಲೆ ಬಗ್ಗಿ ಅರ ಆಡಿಸಿದಳು, ಪುಡಿ ಊದಿದಳು, ಮತ್ತೆ ಆಡಿಸಿದಳು. ಮೊದಲ ಮೂರು ತಂತಿ ಬೇಗ ಬಾಯಿ ಬಿಟ್ಟವು. ನಾಲ್ಕನೆಯದು ಮೊಂಡು ಹಿಡಿಯಿತು. “ನೆಟ್ಟಗ ಮೀಟ್ರಿ ಬಾಯಾರ. ನಾಲ್ಕು ವರ್ಷ ಏನು ಕಲಿತ್ರಿ?” ಎಂದು ಗದರಿದಳು. ಮಂದಾಕಿನಿ ಬೆನ್ನು ನೆಟ್ಟಗೆ ಮಾಡಿ ಮೀಟಿದರು. ಕಾಳವ್ವ ನೂಲಿನೆಳೆಯನ್ನು ಉಗುರಿನ ತುದಿಯಿಂದ ಎಳ್ಳಿನಷ್ಟು ಹಿಂದಕ್ಕೆ ಸರಿಸಿದಳು, ಮತ್ತೆ ಅರೆ ಎಳ್ಳಿನಷ್ಟು ಮುಂದಕ್ಕೆ.

ತಂತಿ ತೆರೆದುಕೊಂಡಿತು. ನಾದ ಹೊರಟು ಅಂಗಡಿಯ ಹಲಗೆಗಳನ್ನೆಲ್ಲ ತುಂಬಿತು, ನಿಲ್ಲದೆ ಹರಿಯಿತು. ಕಾಳವ್ವನ ಕಿವಿಯಲ್ಲಿ ಅದನ್ನು ಈಗ ಯಾರೂ ಅಳಿಸಲಿಲ್ಲ.

ಅವಳು ಅರವನ್ನು ಒರೆಸಿ ಪೆಟ್ಟಿಗೆಯಲ್ಲಿಟ್ಟಳು. ತಂಬೂರಿಗೆ ಗವಸು ಹಾಕಿ, ದಾರ ಬಿಗಿದು, ಮಂದಾಕಿನಿಯವರ ಹೆಗಲಿಗೆ ಏರಿಸಿದಳು. ಬಾಗಿಲಲ್ಲಿ ಇನ್ನೂ ಬಿಸಿಲಿತ್ತು.

“ಆತು,” ಎಂದಳು. “ಸುಮತಿಬಾಯಾರಿಗೆ ಒಯ್ದು ಕೊಡ್ರಿ.”