ಗೋವಿಂದರಾಜನ ಹೊಸ ತಂತಿ

ಗೋವಿಂದರಾಜನ ತುಟಿ ಮೈಕಿಗೆ ಅಂಟಿಕೊಂಡಿತ್ತು. ಎಡಗೈ ಬೇಸ್ ಗಿಟಾರನ್ನು ಬಿಗಿಯಾಗಿ ಹಿಡಿದಿತ್ತು. ಸತ್ತ ಮೇಲೂ ಬಿಟ್ಟಿರಲಿಲ್ಲ. ಬೆರಳು ಬಿಡಿಸಲು ಇಬ್ಬರು ಬೇಕಾದರು. ನನ್ನನ್ನು ಕೇಳಿದರೆ ಇಪ್ಪತ್ತು ಜನ ಅನ್ನುತ್ತೇನೆ. ಅಷ್ಟು ಹೆದರಿದ್ದೆ.

ಅದು 2003ನೇ ಇಸವಿ, ಮಾರ್ಚ್ ತಿಂಗಳ ಒಂದು ಬುಧವಾರ. ಗಂಗಾವತಿಯ ಒಂದು ಮುಚ್ಚಿದ ಅಕ್ಕಿ ಗಿರಣಿಯ ಗೋದಾಮು. ಅಲ್ಲಿ ಪ್ರಭುರಾಜನ ಆರ್ಕೆಸ್ಟ್ರಾದ ರಿಹರ್ಸಲ್ ನಡೆಯುತ್ತಿತ್ತು. ಪ್ರಭುರಾಜ ಹಾಡುಗಾರ, ಮಾಲೀಕನೂ ಅವನೇ. ಗೋವಿಂದರಾಜ ಹನ್ನೊಂದು ವರ್ಷದಿಂದ ಅವನ ಹಿಂದೆ ನಿಂತು ಬೇಸ್ ಗಿಟಾರ್ ನುಡಿಸುತ್ತಿದ್ದ. ನಾನು ವಿರುಪಣ್ಣ, ಠಾಣೆಯ ಜೀಪು ಓಡಿಸುವವನು. ಪಂಚನಾಮೆಗೆ ಹೆಡ್ ಕಾನ್‌ಸ್ಟೆಬಲ್ ಅಮೀನಾಬೀಯವರನ್ನು ಕರೆದುಕೊಂಡು ಬಂದಿದ್ದೆ.

ಮೊದಲು ಹೆಣ ನೋಡಿದವನು ಮೈಕು, ಸ್ಪೀಕರು ನೋಡಿಕೊಳ್ಳುವ ಉಮಾಪತಿ. ಬೆಳಿಗ್ಗೆ ಪ್ರಭುರಾಜ ಅವನನ್ನು ನಾಷ್ಟಾಕ್ಕೆ ಕರೆದೊಯ್ದಿದ್ದನಂತೆ. ಗೋವಿಂದರಾಜ ಒಬ್ಬನೇ ಉಳಿದಿದ್ದ. ಇಬ್ಬರೂ ತಿರುಗಿ ಬಂದಾಗ ಹೀಗಾಗಿತ್ತು. ಪ್ರಭುರಾಜ ಓಡಿಹೋಗಿ ಗಿಟಾರಿನ ಸ್ಪೀಕರಿನ ಪ್ಲಗ್ಗು ಕಿತ್ತ. ಉಮಾಪತಿ ಡಾಕ್ಟರನ್ನು ಕರೆಯಲು ಓಡಿದ.

ಲೈನ್‌ಮನ್ ಬಂದು ಪ್ಲಗ್ಗು, ವೈರು, ಸ್ಪೀಕರು ಎಲ್ಲ ಬಿಚ್ಚಿ ನೋಡಿದ. ಎಲ್ಲವೂ ಸರಿಯಾಗಿತ್ತು. ಕರೆಂಟು ಬರುವ ದಾರಿಯೇ ಇಲ್ಲ ಅಂದ. ಆದರೆ ಮನುಷ್ಯ ಸುಟ್ಟು ಸತ್ತಿದ್ದ.

ಸಂಜೆಯೊಳಗೆ ಊರೆಲ್ಲ ಒಂದೇ ಮಾತು. ಗಿಟಾರಿನೊಳಗೆ ಏನೋ ಸೇರಿಕೊಂಡಿದೆ. ನಾನೂ ನಂಬಿದೆ. ಗೋದಾಮಿನಿಂದ ಹೊರಗೆ ಬರುವಾಗ ಹಿಂದೆ ತಂತಿ ಮಿಡಿದ ಸದ್ದು ಕೇಳಿತು. ಆಣೆ ಮಾಡಿ ಹೇಳುತ್ತೇನೆ, ಕೇಳಿತು.

*

ಅದಕ್ಕೂ ಮೊದಲು, ಪಂಚನಾಮೆ ನಡೆಯುವಾಗ, ಉಮಾಪತಿ ಮೂಲೆಯಲ್ಲಿ ಕೂತು ಅಳುತ್ತಿದ್ದ. ನಾನೇ ಕೊಂದೆ, ನಾನೇ ಕೊಂದೆ ಅನ್ನುತ್ತಿದ್ದ. ಹೋದ ವಾರ ಅವನಿಗೂ ಗೋವಿಂದರಾಜನಿಗೂ ಸ್ಪೀಕರಿನ ಸದ್ದಿನ ವಿಷಯಕ್ಕೆ ಜಗಳವಾಗಿತ್ತು. ಕೊಂದವನು ತಾನಾಗಿ ಸಿಕ್ಕ ಅಂದುಕೊಂಡೆ ನಾನು. ಅಮೀನಾಬೀ ಅವನ ಎದುರು ನೆಲದ ಮೇಲೆ ಕೂತರು. ಹೇಗೆ ಕೊಂದೆ ಎಂದು ಮೆಲ್ಲಗೆ ಕೇಳಿದರು. ವೈರು ಜೋಡಿಸಿದವನು ತಾನು, ಎಲ್ಲೋ ತಪ್ಪಿರಬೇಕು ಅಂದ, ಅಷ್ಟೇ.

ಆಮೇಲೆ ಕಣ್ಣು ಒರೆಸಿಕೊಂಡು ಒಂದು ಮಾತು ಹೇಳಿದ.

"ಅಮ್ಮಾರ, ಅವ ಕರೀ ತಂತಿ ಬಿಟ್ಟು ಬ್ಯಾರೆ ಮುಟ್ಟತಿದ್ದಿಲ್ರಿ. ಕುಷ್ಟಗಿಯಾಗ ಒಮ್ಮೆ ಸ್ಟೇಜಿನ ಮ್ಯಾಲ ಕರೆಂಟ್ ಹೊಡದಿತ್ತು. ಅವತ್ತಿಂದ ನೈಲಾನ್ ಸುತ್ತಿದ್ದ ತಂತೀನ ಹಾಕ್ತಿದ್ದ. ಅದರಾಗ ಕರೆಂಟ್ ಹಾಯಂಗಿಲ್ಲ."

ಗಿಟಾರಿನ ಮೇಲೆ ಇದ್ದದ್ದು ಬೆಳ್ಳಿಯಂತೆ ಹೊಳೆಯುವ ನಾಲ್ಕು ಉಕ್ಕಿನ ತಂತಿ.

ಪ್ರಭುರಾಜ ಸಲೀಸಾಗಿ ಉತ್ತರ ಕೊಟ್ಟ. ಕ್ಯಾಸೆಟ್ ಕಂಪನಿಯವರು ಖಣ್ ಅನ್ನುವ ಸದ್ದು ಬೇಕೆಂದರಂತೆ. ಗೋವಿಂದರಾಜ ತಾನೇ ಹೋಗಿ ಆರಿಸಿ ತಂದನಂತೆ.

"ಹಾಕಿ ಹದಿನೈದ ದಿನ ಆತ್ರಿ. ದಿನಾ ನುಡಸ್ಯಾನ. ತಂತಿಗೂ ಈ ಸಾವಿಗೂ ಏನ್ ಸಂಬಂಧ?"

ಅಮೀನಾಬೀ ಹೆಣದ ಬೆರಳುಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ಪ್ರಭುರಾಜ ಹೊರಗೆ ಹೋದಾಗ ಉಮಾಪತಿಯ ಕಿವಿಯಲ್ಲಿ ಏನೋ ಹೇಳಿದರು. ಅವನು ಪ್ಲಗ್ಗಿನ ಸ್ಕ್ರೂಗಳ ಮೇಲೆ ಉಗುರಿಗೆ ಹಚ್ಚುವ, ಬಣ್ಣವಿಲ್ಲದ ಪಾಲಿಶ್ ಹಚ್ಚಿದ. ಒಣಗಿದ ಮೇಲೆ ಕಣ್ಣಿಗೇ ಕಾಣಲಿಲ್ಲ. ಗೋದಾಮಿಗೆ ಬೀಗ ಬಿತ್ತು. ಕೀಲಿಕೈ ಒಂದೇ. ಅದು ಪ್ರಭುರಾಜನ ಕಿಸೆಗೆ ಇಳಿಯಿತು.

ನಮ್ಮ ಸಾಹೇಬರು ಆಕಸ್ಮಿಕ ಸಾವು ಎಂದು ಬರೆದು ಕಡತ ಮುಚ್ಚಿದರು.

*

ಗೋವಿಂದರಾಜನಿಗೆ ಒಬ್ಬಳೇ ಮಗಳು, ಅನುಷಾ. ಹತ್ತೊಂಬತ್ತು ವರ್ಷ. ಅಪ್ಪನಿಂದ ಗಿಟಾರ್ ಕಲಿತಿದ್ದಳು. ಗುರುವಾರ ಅವರ ಮನೆಗೆ ಹೋದೆವು. ಅವಳು ಒಂದು ನೋಟುಬುಕ್ಕನ್ನು ಎದೆಗವಚಿಕೊಂಡು ಕೂತಿದ್ದಳು. ಪ್ರಭುರಾಜನ ಹೆಸರಿನಲ್ಲಿ ಬಂದ ಎರಡು ಕ್ಯಾಸೆಟ್ಟಿನ ಹಾಡುಗಳೂ ಅಪ್ಪನವೇ, ಬರೆದ ತಾರೀಖು ಸಮೇತ ಇದರಲ್ಲಿವೆ ಅಂದಳು. ಭಾನುವಾರ ಯಲಬುರ್ಗಾದ ಕಾರ್ಯಕ್ರಮಕ್ಕೆ ಕಂಪನಿಯವರು ಬರುವವರಿದ್ದರು. ಅಪ್ಪ ಅವರ ಮುಂದೆ ಎಲ್ಲ ಹೇಳಬೇಕೆಂದಿದ್ದ.

ಈ ಬುಕ್ಕು ಯಾರಿಗೆ ಗೊತ್ತು ಎಂದು ಅಮೀನಾಬೀ ಕೇಳಿದರು.

"ಪ್ರಭುರಾಜ ಕಾಕಾಗ ನಿನ್ನೆ ನಾನ ಹೇಳೀನ್ರಿ, ಅಪ್ಪ ಹೇಳಬೇಕಂದಿದ್ದನ್ನ ನಾ ಹೇಳ್ತೀನಿ ಅಂತ. ಆತವ್ವ ಅಂದ್ರು. ಅಪ್ಪನ ಗಿಟಾರ್ ನೀನ ನುಡಸು, ಶನಿವಾರ ಮೂರಕ್ಕ ಗೋದಾಮಿಗೆ ಬಾ ಅಂದಾರ."

ಹೋಗಬೇಡ ಎಂದರು ಅಮೀನಾಬೀ. ಹೋಗುತ್ತೇನೆ, ಅವು ಅಪ್ಪನ ಹಾಡು ಎಂದಳು ಹುಡುಗಿ. ಹೇಳುವಾಗ ನೋಟುಬುಕ್ಕನ್ನು ಇನ್ನೂ ಬಿಗಿಯಾಗಿ ಅವಚಿಕೊಂಡಳು.

*

ಬೇಸ್ ಗಿಟಾರಿನ ತಂತಿ ಸಿಗುವುದು ಹೊಸಪೇಟೆಯ ಒಂದೇ ಅಂಗಡಿಯಲ್ಲಿ. ಬೇರೆ ಕೆಲಸದಲ್ಲಿ ಸಿಕ್ಕಿಬಿದ್ದು ನಾವು ಅಲ್ಲಿಗೆ ಮುಟ್ಟಿದ್ದು ಶನಿವಾರ ಮಧ್ಯಾಹ್ನ. ಅಂಗಡಿಯಾಕೆ ಖಾಜಾಬೀ ಗಾಜಿನ ಮೇಲೆ ಮೂರು ನಮೂನೆ ತಂತಿ ಹರವಿದಳು. ಕರಿಯದು ನೈಲಾನ್ ಹೊದಿಸಿದ್ದು, ಸದ್ದು ಮಂದ. ಎರಡನೆಯದಕ್ಕೆ ಚಪ್ಪಟೆ ಪಟ್ಟಿ ಸುತ್ತಿರುತ್ತದೆ, ನುಣುಪು. ಮೂರನೆಯದಕ್ಕೆ ದುಂಡನೆಯ ಸಣ್ಣ ತಂತಿ ಸುತ್ತಿರುತ್ತದೆ, ಅದು ಗಂಟೆಯಂತೆ ಖಣ್ ಅನ್ನುತ್ತದೆ. ಬೆವರು, ಕೊಳೆ ಸಂದಿಯಲ್ಲಿ ಕೂತರೆ ಕೆಲವೇ ವಾರದಲ್ಲಿ ಆ ಸದ್ದು ಸಾಯುತ್ತದೆ.

ಅಮೀನಾಬೀ ಆ ಮೂರನೆಯದರ ಮೇಲೆ ಬೆರಳು ಎಳೆದರು. ಕಿರ್ ಅಂದಿತು.

"ಅರ ಇದ್ದಂಗ ಐತಿ ಆಪಾ," ಅಂದಳು ಖಾಜಾಬೀ. "ನುಣ್ಣನ ತಂತಿ ರೂಢಿ ಇದ್ದಾಂವ ಇದನ್ನ ಹಿಡದ್ರ ಎರಡ ದಿನದಾಗ ಬೆರಳಿಗೆ ಬೊಬ್ಬಿ ಏಳತಾವ."

ಇತ್ತೀಚೆಗೆ ಯಾರಿಗೆ ಮಾರಿದಿರಿ ಎಂಬುದು ಮುಂದಿನ ಪ್ರಶ್ನೆ. ಖಾಜಾಬೀ ತಂತಿಗಳನ್ನು ಮತ್ತೆ ಸುತ್ತಿಟ್ಟಳು.

"ಸೋಮವಾರ ಒಬ್ಬಾಂವ ಬಂದಿದ್ದ. ಬಿಸಲಿಗೆ ಮಾರಿತುಂಬ ಟವಲ್ ಸುತ್ತಿದ್ದ. ತಂತಿ ತಗೊಳ್ಳಾಕ ಬಂದವ್ರು ಮೀಟಿ ಕೇಳ್ತಾರ, ಕಿವಿ ಹಚ್ಚತಾರ. ಇಂವ ಕೇಳಲೇ ಇಲ್ಲ. ಕಿಸೇದಾಗಿಂದ ಸೆಲ್ಲು, ಬಲ್ಬು ತಗದು ತಂತಿಗೆ ಹಚ್ಚಿದ. ಬಲ್ಬು ಹತ್ತಿತು. ಇದ ಇರಲಿ ಅಂದ."

ಗೋಡೆಯ ಗಡಿಯಾರದಲ್ಲಿ ಎರಡು ಗಂಟೆ.

*

ಠಾಣೆಗೆ ಫೋನು ಹಚ್ಚಿದರೆ ಯಾರೂ ಎತ್ತಲಿಲ್ಲ. ಜೀಪು ಹತ್ತಿದೆವು. ಮುನಿರಾಬಾದ್ ದಾಟಿದ್ದು ನೆನಪಿಲ್ಲ. ಕಾಲುವೆಯ ಮೇಲಿನ ಕೊಕ್ಕರೆಗಳನ್ನು ಹಿಂದೆ ಹಾಕಿದೆ. ಅಮೀನಾಬೀ ಎದುರಿನ ಕಂಬಿಯನ್ನು ಎರಡೂ ಕೈಯಿಂದ ಹಿಡಿದಿದ್ದರು.

ಗೋದಾಮಿನ ಬಾಗಿಲು ಒಳಗಿನಿಂದ ಹಾಕಿತ್ತು. ಹೊರಗೆ ಉಮಾಪತಿ ಬಡಿಯುತ್ತಿದ್ದ. ತನ್ನನ್ನು ಹೊರಗೆ ಕಳಿಸಿ ಪ್ರಭುರಾಜ ಚಿಲಕ ಹಾಕಿಕೊಂಡ ಅಂದ. ಒಳಗಿನಿಂದ ಪ್ರಭುರಾಜನ ದನಿ ಕೇಳಿತು. ಹಾಡುಗಾರನ ದನಿ, ಜೇನಿನಂಥದು.

"ತಂತಿ ಗಟ್ಟಿ ಹಿಡಕೋ ಅವ್ವಿ. ಮೈಕಿಗೆ ತುಟಿ ಹಚ್ಚಿ ಹಾಡು. ನಿಮ್ಮಪ್ಪ ಕೇಳ್ತಾನ."

ಮೇನ್ ಸ್ವಿಚ್ಚು ಹೊರಗಿನ ಗೋಡೆಗೆ ಇತ್ತು. ಅಮೀನಾಬೀ ಹಾರಿ ಅದನ್ನು ಕೆಳಗೆ ಎಳೆದರು. ಗೋದಾಮಿನ ಫ್ಯಾನಿನ ಸದ್ದು ನಿಂತಿತು. ಒಳಗೂ ಏನೂ ಕೇಳಲಿಲ್ಲ. ಆ ಒಂದು ಗಳಿಗೆ ಒಂದು ವರ್ಷದಷ್ಟು ಉದ್ದವಿತ್ತು. ನಾನೂ ಉಮಾಪತಿಯೂ ಬಾಗಿಲು ಒದ್ದು ಮುರಿದೆವು.

ಅನುಷಾ ನಿಂತಿದ್ದಳು. ಕೊರಳಲ್ಲಿ ಗಿಟಾರು. ಬೆರಳು ತಂತಿಯ ಮೇಲೆ. ತುಟಿ ಮೈಕಿನಿಂದ ಎರಡು ಬೆರಳು ದೂರ. ಪ್ರಭುರಾಜ ಹತ್ತು ಹೆಜ್ಜೆ ಆಚೆ, ಗೋಡೆಗೆ ಒರಗಿದ್ದ.

ಅಮೀನಾಬೀ ನೇರ ಪ್ಲಗ್ಗಿನ ಹತ್ತಿರ ಹೋದರು. ಕಿತ್ತು, ಬೆಳಕಿಗೆ ಹಿಡಿದರು. ಪಾಲಿಶ್ ಒಡೆದಿತ್ತು. ಉಮಾಪತಿ ಬಿಚ್ಚಿ ತೋರಿಸಿದ. ಒಳಗಿನ ವೈರುಗಳು ಅದಲುಬದಲಾಗಿದ್ದವು. ಸ್ಪೀಕರಿಗೆ ಹೋಗಬೇಕಾದ ಕರೆಂಟು ಗಿಟಾರಿನ ಉಕ್ಕಿನ ತಂತಿಗೆ ಬರುತ್ತಿತ್ತು; ತುಟಿ ಮೈಕಿಗೆ ತಾಗಿದರೆ ಮೈಯೊಳಗೆ ಹರಿಯುತ್ತಿತ್ತು.

"ಬುಧವಾರ ಇದು ಸರಿ ಇತ್ತು, ಯಾಕಂದ್ರ ಉಮಾಪತಿ ಡಾಕ್ಟರ್ ಕಡೆ ಓಡಿದಾಗ ನೀ ಸರಿ ಮಾಡಿಟ್ಟಿ," ಎಂದರು ಅಮೀನಾಬೀ. ಆವರೆಗೆ ಅವನಿಗೆ ನೀವು ಅನ್ನುತ್ತಿದ್ದರು. "ಆಮ್ಯಾಲ ಇದನ್ನ ಬಿಚ್ಚಿದಾಂವ ಕೀಲಿಕೈ ಇದ್ದಾಂವ. ಅದು ನಿನ್ನ ಕಡೆ ಮಾತ್ರ ಐತಿ."

ಪ್ರಭುರಾಜ ನಗಲು ನೋಡಿದ. ಗಿಟಾರಿಗೆ ಗಾಳಿ ಹಿಡಿದಿದೆ, ಊರಿಗೇ ಗೊತ್ತು ಅಂದ.

"ಹದಿನೈದ ದಿನ ಆ ತಂತಿ ನುಡಸಿದ್ರ ಗೋವಿಂದರಾಜನ ಬೆರಳಿಗೆ ಬೊಬ್ಬಿ ಇರಬೇಕಿತ್ತು. ಒಂದೂ ಇದ್ದಿಲ್ಲ. ತಂತಿ ಸುಟ್ಟ ಗೆರಿ ಅಷ್ಟ ಇತ್ತು. ಅವ ಅದನ್ನ ಹಿಡದದ್ದು ಅವತ್ತ, ಒಂದ ಸಲ. ಸೋಮವಾರ ತಂದಾಂವ ನೀನು. ಸದ್ದು ಬೇಕಾಗಿದ್ದಾಂವ ಕಿವಿಲೆ ಆರಸ್ತಾನ. ನೀ ಬಲ್ಬಿಲೆ ಆರಿಸಿದಿ."

ಪ್ರಭುರಾಜ ಗೋಡೆಗೆ ಒರಗಿದಂತೆಯೇ ನೆಲದ ಮೇಲೆ ಕೂತ. ಹನ್ನೊಂದು ವರ್ಷ ಜನ ಚಪ್ಪಾಳೆ ಹೊಡೆದದ್ದು ತನಗೆ, ಅದನ್ನು ಗೋವಿಂದರಾಜ ಒಂದೇ ಮಾತಿನಲ್ಲಿ ಕಸಿದುಕೊಳ್ಳುವವನಿದ್ದ ಅಂದ. ಕಂಪನಿಗೆ ಹೊಸ ಸದ್ದು ಬೇಕು, ಭಾನುವಾರ ನಿನ್ನ ಹೆಸರು ನಾನೇ ಹೇಳುತ್ತೇನೆ ಎಂದು ಆಸೆ ಹಚ್ಚಿ ಅವನ ಕೈಯಿಂದಲೇ ಆ ತಂತಿ ಹಾಕಿಸಿದ್ದ. ನಾನು ಕೈಕೋಳ ಹಾಕಿದೆ.

ಅನುಷಾ ಮಾತ್ರ ಹಾಗೆಯೇ ನಿಂತಿದ್ದಳು. ಕರೆಂಟು ಹೋಗಿತ್ತು, ಕೊಂದವನು ಸಿಕ್ಕಿದ್ದ. ಅವಳ ಬೆರಳು ತಂತಿ ಬಿಡಲೊಲ್ಲವು.

"ಉಸುರು ಬಿಡವ್ವ," ಅಂದರು ಅಮೀನಾಬೀ. "ಮೊದಲ ಉಸುರು ಬಿಡು."

ಅವಳು ಉಸಿರು ಬಿಟ್ಟಳು. ಅಮೀನಾಬೀ ಅವಳ ಒಂದೊಂದೇ ಬೆರಳು ಬಿಡಿಸುತ್ತ ಹೋದರು. ಹಿಡಿದರೆ ಮುರಿಯುತ್ತದೇನೋ ಎಂಬಂತೆ, ಅಷ್ಟು ಮೆಲ್ಲಗೆ.