ಬಾತಿ ಗೋಮಾಳದ ಮಣ್ಣಿನ ಹೊರೆ

“ಮಣ್ಣು ಹೊತ್ಕಂಡು ಸುಳ್ಳು ಗಡಿ ನಡೀಬ್ಯಾಡ್ರಿ ಸಾಹೇಬ್ರ. ಹಂಗ್ ನಡೆದೋರು ಯಾರೂ ಮನಿ ಮುಟ್ಟಿಲ್ಲ” ಎಂದಳು ಊರಿನ ಹಿರಿಯಳು ಗಿರಿಯಮ್ಮ.

ಸರ್ವೆಯರ್ ಪರಮೇಶ್ವರಪ್ಪ ನಕ್ಕುಬಿಟ್ಟ. ಮೈಸೂರು ಕಡೆಯಿಂದ ವರ್ಗವಾಗಿ ಬಂದು ಅವನಿಗೆ ಇನ್ನೂ ತಿಂಗಳು ತುಂಬಿರಲಿಲ್ಲ. “ನಾಳೆನೇ ನಡೀತೀನಿ ಅಜ್ಜಿ. ಆಮೇಲೆ ಕಲ್ಲು ನೆಡೋಕೆ ಯಾರೂ ಅಡ್ಡ ಬರಬಾರ್ದು.”

“ನಾಳೆ ಸೂರ್ಯಗ್ರಾಣ ಐತೆ. ನಾಳೆ ಬ್ಯಾಡ.”

“ಗ್ರಹಣ ಅಂದ್ರೆ ಬರೀ ನೆರಳು. ನೆರಳಿಗೆ ಹೆದರೋನು ಬಿಸಿಲಲ್ಲಿ ಸರ್ವೆ ಮಾಡ್ತಾನಾ?”

ಎಮ್ಮೆ ಸಾಕುವ ಹಯಾತ್ ಸಾಬ್ ಬೀಡಿ ಆರಿಸಿದ. “ಸಾಹೇಬ್ರು ತಲಿಮ್ಯಾಲೆ ಟೊಪ್ಪಿಗಿ ಬಿಟ್ರೆ ಏನೂ ಹೊತ್ತಿಲ್ಲವ್ವ. ಕುತ್ತಿಗಿ ಜ್ವಾಕಿ ಅಂತ ಹೇಳು.” ಕೂತವರು ನಕ್ಕರು. ಗಿರಿಯಮ್ಮ ನಗಲಿಲ್ಲ.

ಬಾತಿ ಗುಡ್ಡದ ಹಿಂದಿನ ಎಂಬತ್ತು ಎಕರೆ ಗೋಮಾಳ ಯಾರಪ್ಪನದೂ ಅಲ್ಲ, ಅದಕ್ಕೇ ಎಲ್ಲರದು. ದನ ಮೇಯುವ ನೆಲ, ಮಾರುವಂತಿಲ್ಲ ಎಂದು ಸರ್ಕಾರದ ಹಳೆಯ ನಕ್ಷೆಯೇ ಹೇಳುತ್ತದೆ. ಆದರೆ ದಾವಣಗೆರೆಯ ಸಾಹುಕಾರನೊಬ್ಬನಿಗೆ ಅಲ್ಲಿ ಲೇಔಟ್ ಮಾಡಬೇಕಿತ್ತು. ಪರಮೇಶ್ವರಪ್ಪ ಹೊಸ ನಕ್ಷೆ ಬರೆದು, ಗಡಿಗೆರೆಯನ್ನು ಬೆರಳಿನಷ್ಟು ಎಡಕ್ಕೆ ಸರಿಸಿದ. ಕಾಗದದ ಮೇಲೆ ಬೆರಳು, ನೆಲದ ಮೇಲೆ ಅರವತ್ತು ಎಕರೆ. ಇದಕ್ಕೆ ಅದೇ ಲೇಔಟಿನಲ್ಲಿ ಅವನ ಮಗಳ ಹೆಸರಿಗೆ ಮೂಲೆ ಸೈಟು. ಊರವರು ಒಂಬತ್ತು ದಿನ ಅವನ ಅಳತೆಯ ಸರಪಳಿಗೆ ಅಡ್ಡ ಮಲಗಿದರು. ಬೂಟುಗಾಲಲ್ಲಿ ತಿವಿದು ಎದ್ದೇಳಿ ಎಂದರೂ ಏಳಲಿಲ್ಲ. ಹತ್ತನೆಯ ದಿನ ಗಿರಿಯಮ್ಮ ಹಳೆಯ ಪದ್ಧತಿಯನ್ನು ಮುಂದಿಟ್ಟಳು.

ವ್ಯಾಜ್ಯದ ನೆಲದ ಮಣ್ಣನ್ನು ಒದ್ದೆ ಕಂಬಳಿಯಲ್ಲಿ ಕಟ್ಟಿ, ತಲೆಯ ಮೇಲೆ ಹೊತ್ತು ಗಡಿ ನಡೆಯಬೇಕು. ಹೊತ್ತವನು ಸಂಜೆತನಕ ಬದುಕಿದ್ದರೆ ಅವನು ನಡೆದದ್ದೇ ಗಡಿ. ಊರು ಬಾಯಿ ಮುಚ್ಚಿಕೊಂಡು ಒಪ್ಪಬೇಕು. ಸತ್ತರೆ ಹಳೆಯ ಗಡಿಯೇ ಗಡಿ.

“ನಡುವೆ ಇಳಿಸಂಗಿಲ್ಲ, ಇನ್ನೊಬ್ರ ತಲಿಗೆ ದಾಟಿಸಂಗಿಲ್ಲ” ಎಂದಳು ಗಿರಿಯಮ್ಮ. “ಮಣ್ಣು ಹೊತ್ತೋರ ಹೆಸರು ಕೇಳಾದಿಲ್ಲ. ಪಾದ ಎಲ್ಲಿ ನಿಂತಾವೆ ಅಂತ ನೋಡ್ತದೆ.”

ಇಷ್ಟು ಸುಲಭವೇ ಎಂದು ಪರಮೇಶ್ವರಪ್ಪನಿಗೆ ಒಳಗೊಳಗೇ ಖುಷಿಯಾಯಿತು.

ಮರುದಿನ, ಎಂಬತ್ತನೇ ಇಸವಿಯ ಫೆಬ್ರವರಿ ತಿಂಗಳ ಆ ಶನಿವಾರ, ಮಧ್ಯಾಹ್ನವೇ ಊರಿನ ಬಾಗಿಲುಗಳೆಲ್ಲ ಮುಚ್ಚಿದ್ದವು. ಪೂನಾ-ಬೆಂಗಳೂರು ರಸ್ತೆಯಲ್ಲಿ ಒಂದು ಲಾರಿಯಿಲ್ಲ. ಗೋಮಾಳದಲ್ಲಿ ಇದ್ದವರು ಮೂವರೇ. ಗಿರಿಯಮ್ಮ ಮಣ್ಣಿಗೆ ಮನೆಮನೆಯ ಒಲೆಯ ಬೂದಿ ಬೆರೆಸಿದಳು, ಮನೆಮನೆಯ ಹಸುವಿನ ಹಾಲು ಹನಿಸಿದಳು, ತನ್ನದೇ ಒಂದು ಎಳೆ ಬಿಳಿಕೂದಲು ಕಿತ್ತು ಹಾಕಿದಳು. ತುಟಿ ಮಾತ್ರ ಅಲ್ಲಾಡುತ್ತಿತ್ತು. ಹೊರೆಯನ್ನು ಅವನ ತಲೆಗಿಟ್ಟು, ಸೆರಗು ಮುಸುಕು ಹಾಕಿಕೊಂಡು ಗಡಿಕಲ್ಲಿನ ಬಳಿ ಕೂತುಬಿಟ್ಟಳು.

ಹೊರೆ ಹಗುರವಾಗಿತ್ತು. ಹಿಂದೆ ಸರಪಳಿ ಹಿಡಿಯುವ ಮೈಲಪ್ಪ ಬರುತ್ತಿದ್ದ. ಹೆಗಲಿಗೆ ಸರಪಳಿ, ಕಂಕುಳಲ್ಲಿ ಸಾಹೇಬರ ಛತ್ರಿ, ಕೈಯಲ್ಲಿ ಸಾಹೇಬರ ಊಟದ ಕ್ಯಾರಿಯರ್.

ಎರಡನೆಯ ಕಲ್ಲಿನವರೆಗೆ ಏನೂ ಆಗಲಿಲ್ಲ. ಅಲ್ಲಿಂದ ನೇರ ಹೋಗಬೇಕಿತ್ತು. ಪರಮೇಶ್ವರಪ್ಪ ಎಡಕ್ಕೆ ತಿರುಗಿದ.

ಕಿವಿಯ ಹಿಂದೆ ಏನೋ ಇಳಿಯಿತು. ಕಂಬಳಿಯ ನೀರು ಅಂದುಕೊಂಡ. ಬೆಚ್ಚಗಿತ್ತು. ಒರೆಸಿಕೊಂಡ ಬೆರಳಿಗೆ ಆಗತಾನೆ ಈದ ಹಸುವಿನ ವಾಸನೆ. ಬಿಸಿಲು ಹಳದಿಯಾಗಿ, ಆಮೇಲೆ ಬೂದಿಯಾಯಿತು. ಕಾಗೆಗಳು ಕಿರುಚುತ್ತ ಗುಡ್ಡದ ಕಡೆ ಹೋದವು. ಹೆಜ್ಜೆಗೊಂದು ಸೇರು ಮಣ್ಣು ಯಾರೋ ಸುರಿಯುತ್ತಿರುವಂತೆ ಹೊರೆ ಭಾರವಾಗತೊಡಗಿತು. ಹಿಂದೆ ಗೊರಸಿನ ಸದ್ದು. ಒಂದಲ್ಲ, ಹತ್ತಲ್ಲ.

“ಮೈಲಪ್ಪ, ದನ ಬಿಟ್ಟಿದ್ದಾರಾ?”

“ಇಲ್ರಿ ಸಾಹೇಬ್ರ. ಎಲ್ಲಾ ಕೊಟ್ಟಿಗ್ಯಾಗೆ ಅದಾವೆ.”

ಮತ್ತೆ ಈ ಬಿಸಿ ಉಸಿರು ಯಾರದು? ಹಸಿ ಹುಲ್ಲಿನ, ಸಗಣಿಯ, ಮೆಲುಕಿನ ವಾಸನೆಯ ಉಸಿರು ಬೆನ್ನಿಗೇ ತಾಗುತ್ತಿತ್ತು. ಸೂರ್ಯ ಕುಡುಗೋಲಿನಂತೆ ಸಣ್ಣಗಾದ. ಕತ್ತಲು ನೆಲದಿಂದಲೇ ಎದ್ದು ಬಂತು. ಪಾದ ಹೂತಿತು. ಬಿರುಬಿಸಿಲಿಗೆ ಕಲ್ಲಾಗಿದ್ದ ನೆಲದಲ್ಲಿ ಹಿಮ್ಮಡಿತನಕ ಹೂತಿತು. ಕುತ್ತಿಗೆಯಲ್ಲಿ ಏನೋ ಟಕ್ ಎಂದಿತು.

ಬಲಕ್ಕೆ ಹೋಗಿಬಿಟ್ಟರೆ ನಿಜವಾದ ಗಡಿ. ಅದು ಅವನಿಗೆ ಗೊತ್ತಿತ್ತು. ಅಳೆದವನೇ ಅವನು. ಬಲಗಾಲನ್ನು ಎತ್ತಿದ ಕೂಡ. ಮೂಲೆ ಸೈಟು ನೆನಪಾಯಿತು. ಇಳಿಸಿದ.

“ಸಾಯ್ತೀನಿ ಮೈಲಪ್ಪ...”

ಮೈಲಪ್ಪ ಕ್ಯಾರಿಯರ್ ಕೆಳಗಿಟ್ಟು ಓಡಿ ಬಂದ. “ಇತ್ಲಾಗ ಕೊಡ್ರಿ ಸಾಹೇಬ್ರ. ನೀವು ಎಂದಾರ ಹೊತ್ತೀರೇನು? ಹೊರಾದು ನಮ್ಗೆ ರೂಢಿ.”

ಬೇಡ ಅನ್ನಬೇಕಿತ್ತು. ದಾಟಿಸಬಾರದು ಎಂದು ಗಿರಿಯಮ್ಮ ಹೇಳುವಾಗ ಮೈಲಪ್ಪ ಅಲ್ಲಿರಲಿಲ್ಲ, ಬಾವಿಗೆ ಸಾಹೇಬರ ನೀರು ತರಲು ಹೋಗಿದ್ದ. ಕೇಳಿಸಿಕೊಂಡಿದ್ದವನು ಪರಮೇಶ್ವರಪ್ಪ. ಆದರೂ ತಲೆ ಬಗ್ಗಿಸಿದ. ಹೊರೆ ದಾಟಿತು.

ಅಬ್ಬಾ, ಎಷ್ಟು ಹಗುರ! ಅವನು ದೊಡ್ಡದಾಗಿ ಉಸಿರೆಳೆದುಕೊಂಡ. ಆ ಉಸಿರು ಮುಗಿಯುವಷ್ಟರಲ್ಲಿ ಮೈಲಪ್ಪನ ಮೊಣಕಾಲು ನೆಲದಲ್ಲಿತ್ತು. ಮಂಡಿಯೂರಿರಲಿಲ್ಲ. ಹೂತುಹೋಗಿದ್ದ. ಕುತ್ತಿಗೆ ಹೆಗಲೊಳಗೆ ಇಳಿಯಿತು. ಬಾಯಿ ತೆರೆಯಿತು. ಮಾತಿಲ್ಲ. ಮಣ್ಣು. ಗೊರಸುಗಳು ಸುತ್ತಿದವು. ಸುತ್ತಿದವು. ಕತ್ತಲು. ಮೈಲಪ್ಪನ ಕಣ್ಣು ಮಾತ್ರ ಸಾಹೇಬರ ಕಡೆಗಿತ್ತು. ಹೆದರಿರಲಿಲ್ಲ ಆ ಕಣ್ಣು. ಮುಂದೇನು ಮಾಡಲಿ ಎಂದು ಕೇಳುತ್ತಿತ್ತು.

“ಬಲಕ್ಕೆ ಬಾ” ಎನ್ನಲು ಪರಮೇಶ್ವರಪ್ಪನಿಗೆ ಬಾಯಿ ಬರಲಿಲ್ಲ.

ಬೆಳಕು ಬಂತು. ಎಲ್ಲೋ ಕೋಳಿ ಕೂಗಿತು. ಮೈಲಪ್ಪ ಗಟ್ಟಿನೆಲದ ಮೇಲೆ ಬೋರಲು ಬಿದ್ದಿದ್ದ. ಬಿಚ್ಚಿದ ಕಂಬಳಿಯಲ್ಲಿದ್ದದ್ದು ಒಂದು ಬೊಗಸೆ ಒಣಮಣ್ಣು. ಗಿರಿಯಮ್ಮ ಏದುಸಿರು ಬಿಡುತ್ತ ಬಂದು ನೋಡಿದಳು. ಸರಪಳಿ ಯಾರ ಹೆಗಲಲ್ಲಿದೆ, ಮಣ್ಣಿನ ಕಲೆ ಯಾರ ಅಂಗಿಯ ಮೇಲಿದೆ, ಎರಡನ್ನೂ ನೋಡಿದಳು.

“ಥೂ” ಎಂದಳು. ಅಷ್ಟೇ.

ಡಾಕ್ಟರು ಬಿಸಿಲಿಗೆ ಎದೆಬಡಿತ ನಿಂತಿದೆ ಎಂದು ಬರೆದರು. ಪರಮೇಶ್ವರಪ್ಪ ಎರಡು ದಿನ ಅನ್ನ ಮುಟ್ಟಲಿಲ್ಲ. ತುತ್ತು ಬಾಯಿಗಿಟ್ಟರೆ ಮಣ್ಣಿನ ವಾಸನೆ. ಮೂರನೆಯ ದಿನ ಹಳೆಯ ನಕ್ಷೆ ಹಿಡಿದುಕೊಂಡು ಮೇಲಧಿಕಾರಿಯ ಮುಂದೆ ನಿಂತ. ಗಡಿ ಸರಿಸಿದವನು ನಾನೇ, ಈ ನೆಲ ಮಾರುವಂತಿಲ್ಲ ಎಂದು ಬರೆದು ರುಜು ಹಾಕಿದ. ಮಾರಾಟ ನಿಂತಿತು. ಅವನ ಕೆಲಸ ಹೋಯಿತು. ಊರಲ್ಲಿ ಯಾರೂ ಅವನನ್ನು ಹೊಗಳಲಿಲ್ಲ. ಹೊಗಳಬೇಕಾದ ಕೆಲಸವೂ ಅಲ್ಲ ಅದು.

ಒಂದು ಸಂಜೆ ಹರಿಹರಕ್ಕೆ ಹೋದ. ಹೊಳೆದಂಡೆಯ ಗುಡಿಸಲ ಮುಂದೆ ಮೈಲಪ್ಪನ ಹೆಂಡತಿ ಕೊಟ್ರವ್ವ ಜೋಳ ಕೇರುತ್ತಿದ್ದಳು. ಎಲ್ಲವನ್ನೂ ಹೇಳಿದ. ಹೊರೆಯ ಭಾರ, ಗಿರಿಯಮ್ಮ ಹೇಳಿದ ಮಾತು, ತಾನು ಅದನ್ನು ಮುಚ್ಚಿಟ್ಟದ್ದು, ತಲೆ ಬಗ್ಗಿಸಿದ್ದು. ಅವಳು ಕೇರುವುದನ್ನು ನಿಲ್ಲಿಸಲಿಲ್ಲ.

“ಗೋಮಾಳ ಉಳೀತಂತಲ್ರಿ?”

“ಉಳೀತಮ್ಮ.”

“ನೀವು ಸತ್ತಿದ್ರೂ ಉಳೀತಿತ್ತು.”

“ಹೌದಮ್ಮ” ಎಂದ ಪರಮೇಶ್ವರಪ್ಪ.